ಕಪಾಟಿನೊಳಗಿನ ಯುರೋಪು

ಯುರೋಪಿನ ಮೇಲೆ ಅಜ್ಜಿಗೆ ಮೊದಲು ಯಾವ ಹಗೆಯೂ ಇರಲಿಲ್ಲ. ಅದು ಅದರ ಪಾಡಿಗೆ ಇತ್ತು, ಅಜ್ಜಿ ತನ್ನ ಪಾಡಿಗೆ ಇದ್ದಳು. ಅಂಥ ಯುರೋಪು ಮೊಮ್ಮಗಳ ಚೀಲದಲ್ಲಿ ಕೂತು ಮನೆಯೊಳಗೆ ಬಂದು, ಊಟದ ಮೇಜಿನ ಮುಕ್ಕಾಲು ಭಾಗವನ್ನು ಆಕ್ರಮಿಸಿ, ಕೊನೆಗೆ ಅಜ್ಜಿಯ ಸೊಂಟಕ್ಕೇ ಕೈ ಹಾಕಿತು.

ಸೊಂಟದಲ್ಲಿ ಇದ್ದದ್ದು ಬೀಗದ ಕೈ. ಇತ್ತು ಎಂದರೆ ಸಾಲದು, ಅಲ್ಲೇ ಬೇರು ಬಿಟ್ಟಿತ್ತು. ಗಂಡ ತೀರಿಕೊಂಡ ವರ್ಷ ಅಜ್ಜಿ ದುಃಖದಲ್ಲಿ ಅರ್ಧ ಇಳಿದುಹೋದಾಗಲೂ ದಾರಕ್ಕೆ ಇನ್ನೊಂದು ಗಂಟು ಹಾಕಿ ಬಿಗಿ ಮಾಡಿಕೊಂಡಳೇ ಹೊರತು ಬಿಚ್ಚಿಡಲಿಲ್ಲ. ಅದು ಅಡುಗೆಮನೆಯ ದೊಡ್ಡ ಕಪಾಟಿನದು. ಅಕ್ಕಿ, ಹಿಟ್ಟು, ಸಕ್ಕರೆ, ಚಹಾಪುಡಿ, ಬಿಸ್ಕತ್ತು ಎಲ್ಲವೂ ಅದರೊಳಗೆ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಅಜ್ಜಿಯ ಮುಂದೆ ಬಂದು ನಿಲ್ಲಬೇಕು. “ಎಷ್ಟು ಚಮಚ ಬೇಕು ಹೇಳು, ನಾನೇ ತೆಗೆದುಕೊಡ್ತೀನಿ” ಎನ್ನುವುದು ಅಲ್ಲಿನ ರಾಜಾಜ್ಞೆ. ಬೀಗವೆಂದರೆ ಅಜ್ಜಿಗೆ ಪ್ರಾಣ. ಬಿಡುವಾದಾಗಲೆಲ್ಲ ಅದನ್ನು ಮಡಿಲಲ್ಲಿಟ್ಟುಕೊಂಡು ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚುತ್ತಿದ್ದಳು. ಪಕ್ಕದ ಮನೆಯವರ ಬೀಗ ಕೆಟ್ಟರೂ ತಲೆಪಿನ್ನು ಹಿಡಿದು ಹೊರಟುಬಿಡುತ್ತಿದ್ದಳು.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರಿನವರೆಲ್ಲ ತಮ್ಮ ಪ್ರಾಣವನ್ನೇ ನಂಬಿ ಅವಳ ಕೈಗೆ ಒಪ್ಪಿಸಿದ್ದರು, ಅಜ್ಜಿ ಸಕ್ಕರೆ ಡಬ್ಬಿಯನ್ನು ಒಪ್ಪಿಸಿರಲಿಲ್ಲ. ಒಂದೇ ಅಳತೆಯ ಗಾಜಿನ ಭರಣಿಗಳು, ಪ್ರತಿಯೊಂದರ ಮೇಲೂ ಚೀಟಿ, ಬೇಕಾದವರು ಬೇಕಾದಾಗ ತೆಗೆದುಕೊಳ್ಳುವ ತೆರೆದ ಕಪಾಟು, ಇದು ಸೊಸೆಯ ಬಹುದಿನದ ಕನಸು. “ನಾನು ಕಣ್ಣು ಮುಚ್ಚಿದ ಮೇಲೆ ಮಾಡ್ಕೊ” ಎಂದು ಅಜ್ಜಿ ಹೇಳುತ್ತಿದ್ದಳು. ಹೇಳುವಾಗ ಕಣ್ಣನ್ನು ಇನ್ನಷ್ಟು ದೊಡ್ಡದಾಗಿ ಬಿಡುತ್ತಿದ್ದಳು.

ಹೀಗಿರುವಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ಯುರೋಪಿನ ಇತಿಹಾಸದ ಮೇಲ್ದರ್ಜೆಯ ಪರೀಕ್ಷೆಗೆ ಕಟ್ಟಿದಳು. ಕಾಲೇಜಿನವರಿಗೆ ಕೊಡಬೇಕಾದಷ್ಟು ಕಷ್ಟದ ಪರೀಕ್ಷೆ ಅದು. ಐದಕ್ಕೆ ಎಷ್ಟು ಬರುತ್ತದೆ ಎಂದು ಲೆಕ್ಕ. ಶಾಲೆಯಲ್ಲಿ ನಡೆಸಿದ ತಯಾರಿ ಪರೀಕ್ಷೆಯಲ್ಲಿ ಎರಡು ಬಂತು.

“ಐದಕ್ಕೆ ಎರಡು,” ಎಂದ ಮಗ. ಅವನು ಲಾರಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವನು. “ನಿಜವಾದ ಪರೀಕ್ಷೇಲಿ ನಾಲ್ಕಾದ್ರೂ ಬಂದ್ರೆ ಮುಂದೆ ಇತಿಹಾಸಾನೇ ಓದ್ಕೊ, ನಾನು ಅಡ್ಡ ಬರಲ್ಲ. ಬರದಿದ್ರೆ ಲೆಕ್ಕಪತ್ರಕ್ಕೆ ಸೇರ್ಕೊ. ಸತ್ತ ರಾಜರು ಯಾರಿಗೂ ಸಂಬಳ ಕೊಟ್ಟಿದ್ದನ್ನ ನಾನು ನೋಡಿಲ್ಲ.”

“ಅಪ್ಪ, ಎಲ್ಲರ ಹೆಸರೂ ಒಂದೇ. ಹದಿನೆಂಟು ಲೂಯಿಗಳಿದ್ದಾರೆ. ಯಾರು ಯಾರ ಮೇಲೆ ಯಾಕೆ ಯುದ್ಧಕ್ಕೆ ಹೋದ್ರು ಅಂತ ತಲೇಲಿ ನಿಲ್ಲೋದೇ ಇಲ್ಲ,” ಎಂದು ಹುಡುಗಿ ಪುಸ್ತಕದ ಮೇಲೆ ಮುಖವಿಟ್ಟು ಅತ್ತಳು. ಲೆಕ್ಕಪತ್ರದ ಹೆಸರು ಕೇಳಿದರೇ ಅವಳಿಗೆ ಹಲ್ಲುನೋವು ಬರುತ್ತಿತ್ತು.

ಅಜ್ಜಿ ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಮೊಮ್ಮಗಳ ಕಣ್ಣೀರು ಕಂಡರೆ ಅವಳ ಕೈ ನಿಲ್ಲುತ್ತದೆ. “ಓದು ನೋಡೋಣ. ಅದೇನು ಅಂಥ ಬ್ರಹ್ಮವಿದ್ಯೆ,” ಎಂದಳು.

ಹುಡುಗಿ ಮೂಗೊರೆಸಿಕೊಂಡು ಓದಿದಳು. ಇಂಗ್ಲೆಂಡಿನ ಒಬ್ಬ ರಾಜನಿಗೆ ಗಂಡುಮಗು ಬೇಕಿತ್ತು. ಹೆಂಡತಿಯನ್ನು ಬಿಡಲು ಹೊರಟ. ರೋಮಿನ ದೊಡ್ಡ ಗುರುಗಳು, ಪೋಪರು, ಒಪ್ಪಲಿಲ್ಲ, ಏಕೆಂದರೆ ಆ ಹೆಂಡತಿಯ ಅಕ್ಕನ ಮಗನೇ ಚಕ್ರವರ್ತಿ.

“ತಡಿ, ತಡಿ,” ಎಂದಳು ಅಜ್ಜಿ. “ಇದು ನಮ್ಮ ಸೋದರಮಾವನ ಕಥೆ. ಅವನೂ ಹೀಗೇ ಕುಣಿದ. ಹೆಣ್ಣಿನ ಕಡೆ ಗಟ್ಟಿ ಜನ ಇದ್ರೆ ಯಾವ ಗುರು ಬಾಯಿ ಬಿಡ್ತಾನೆ? ಆಮೇಲೆ ಆ ರಾಜ ಗುರುಗಳನ್ನೇ ಬಿಟ್ಟು ಬೇರೆ ಮಠ ಮಾಡ್ಕೊಂಡ್ನಾ?”

ಹುಡುಗಿ ಪುಟ ತಿರುಗಿಸಿ ನೋಡಿದಳು. “ಹೌದು ಅಜ್ಜಿ. ನಿಂಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗೋದೇನು ಬಂತು, ಗಂಡಸರು.”

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. ಆದರೆ ಯಾವ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟಕ್ಕೆ ಏಳಲಿಲ್ಲ, ಯಾವ ತೋಟ ಯಾವ ಅಳಿಯನ ಪಾಲಾಯಿತು, ಯಾವ ನಾದಿನಿ ಯಾವ ಮಾತಿಗೆ ಎಷ್ಟು ವರ್ಷ ಮಾತು ಬಿಟ್ಟಳು, ಇದೆಲ್ಲ ಅವಳ ತಲೆಯಲ್ಲಿ ನಿನ್ನೆ ನಡೆದ ಹಾಗೆ ಕೂತಿತ್ತು. ಯುರೋಪಿನಲ್ಲಿ ನಡೆದದ್ದೂ ಮದುವೆ, ಮುನಿಸು, ಪಾಲು ಇಷ್ಟೇ ಎಂದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದುಬಿಟ್ಟಿತು.

“ನಾನು ಓದಿಸ್ತೀನಿ ಇವಳಿಗೆ,” ಎಂದಳು.

ಮಗ ನಕ್ಕ. ಸೊಸೆ ನಗಲಿಲ್ಲ. ಅವಳು ಅವಕಾಶವನ್ನು ವಾಸನೆಯಲ್ಲೇ ಗುರುತಿಸುವವಳು (ಔಷಧಿ ಅಂಗಡಿಯ ಅಭ್ಯಾಸ).

“ಆಗ್ಲಿ ಅತ್ತೆ. ಇವಳಿಗೆ ನಾಲ್ಕು ಬಂದ್ರೆ ಆ ಬೀಗದ ಕೈ ಮಾತನ್ನ ನಾನು ಈ ಜನ್ಮದಲ್ಲಿ ಎತ್ತಲ್ಲ. ಬರದಿದ್ರೆ?”

“ಬರದಿದ್ರೆ ನೀನೇ ಇಟ್ಕೊ.”

“ಈ ಮಾತನ್ನ ಇವರೂ ಕೇಳಿಸ್ಕೊಂಡಿದ್ದಾರೆ.”

“ನಾನೇನೂ ಕೇಳಿಸ್ಕೊಂಡಿಲ್ಲ,” ಎಂದ ಮಗ. ಬೀಸುವ ಕಲ್ಲಿನ ಎರಡು ಹೋಳುಗಳ ನಡುವೆ ಬಾಳುವೆ ಮಾಡಿದ ಕಾಳಿಗೆ ಆ ಜಾಣತನ ಸಹಜವಾಗಿ ಬರುತ್ತದೆ.

ಮಾರನೆಯ ಸಂಜೆಯಿಂದ ಪಾಠ. ಹುಡುಗಿ ಭೂಪಟ ಬಿಚ್ಚಿದಳು. ಕನ್ನಡಕ ಹಾಕಿದರೂ ತೆಗೆದರೂ ಅಜ್ಜಿಗೆ ಅದು ನೀರು ಬಿದ್ದ ಗೋಡೆಯ ಹಾಗೆ ಕಂಡಿತು. “ಇದನ್ನ ಮಡಚಿಡು,” ಎಂದವಳೇ ಕಪಾಟಿನ ಬೀಗ ತೆಗೆದು ಎರಡೂ ಬಾಗಿಲು ತೆರೆದಳು. “ಈಗ ಹೇಳು, ಎಲ್ಲಿ ಯಾರಿದ್ದಾರೆ?”

ಇರುವೆ ಬಾರದಂತೆ ನೀರಿನ ತಟ್ಟೆಯ ನಡುವೆ ನಿಂತಿದ್ದ ಸಕ್ಕರೆ ಡಬ್ಬಿ ಇಂಗ್ಲೆಂಡಾಯಿತು. ಕೆಳಗಿನ ಅಂಕಣವನ್ನೆಲ್ಲ ತುಂಬಿ ಕೂತ ಅಕ್ಕಿ ಡಬ್ಬ ರಷ್ಯಾ. ಬಣ್ಣ ಹೋದರೂ ಚಿನ್ನದ ಗೀಟು ಬಿಡದ ಹಳೆಯ ಚಹಾ ಡಬ್ಬಿ, ಮದುವೆ ಮಾಡಿಸಿ ಮಾಡಿಸಿಯೇ ರಾಜ್ಯ ಬೆಳೆಸಿದ ಆಸ್ಟ್ರಿಯಾ. ಚಿಕ್ಕದಾದರೂ ಮುಚ್ಚಳ ಭದ್ರವಾಗಿದ್ದ ಕಾಳುಮೆಣಸಿನ ಡಬ್ಬಿ, ಮುಂದೆ ಜರ್ಮನಿ ಕಟ್ಟಿದ ಪ್ರಷ್ಯಾ. ನಟ್ಟನಡುವೆ ಹಿಟ್ಟಿನ ಡಬ್ಬ, ಫ್ರಾನ್ಸು. ಪೋಲೆಂಡಿಗೆ ಬಿಸ್ಕತ್ತಿನ ಡಬ್ಬಿ. ಆ ಪಾಠ ಹುಡುಗಿಗೆ ಒಂದೇ ಏಟಿಗೆ ಬಂತು. ಮೂರು ಕಡೆಯ ನೆರೆಯವರು ಮೂರು ಸಲ ಕೈ ಹಾಕಿದರು, ಕೊನೆಗೆ ಡಬ್ಬಿಯೇ ಇರಲಿಲ್ಲ.

“ಪಾಪ, ಆ ದೇಶದವರು ಬೀಗ ಇಟ್ಕೊಂಡಿರ್ಲಿಲ್ವಾ?” ಎಂದಳು ಅಜ್ಜಿ, ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ.

ದಿನ ಕಳೆದಂತೆ ಹುಡುಗಿಯ ಮುಖ ಅರಳಿತು. ಹಲ್ಲುಜ್ಜುತ್ತಲೇ “ಮೆಣಸು ಚಹಾದ ಮೇಲೆ ಬಿತ್ತು, ಸಕ್ಕರೆ ಮೆಣಸಿನ ಕಡೆ ಸೇರ್ಕೊಂಡಿತು” ಎಂದು ಗೊಣಗುತ್ತಿದ್ದಳು. ಮಗನಿಗೆ ಗಾಬರಿಯಾಯಿತು. ಅಜ್ಜಿಗೆ ಗರ್ವ ಬಂತು.

“ಅಲ್ವೇ ಪುಟ್ಟಿ, ನಿನ್ನ ಪುಸ್ತಕದಲ್ಲಿ ತುಂಬ ವರ್ಷ ಆಳಿದ ಹೆಂಗಸು ಯಾರಾದ್ರೂ ಇದ್ದಾಳಾ?”

“ಇಂಗ್ಲೆಂಡಿನಲ್ಲಿ ಇಬ್ಬರು ರಾಣಿಯರು ಇದ್ದಾರೆ ಅಜ್ಜಿ.”

“ಹಂಗಾದ್ರೆ ಇಬ್ಬರೂ ನಾನೇ ಅಂತ ಇಟ್ಕೊ.”

ಹುಡುಗಿ ಇಟ್ಟುಕೊಂಡಳು.

ಪಾಠ ಹಿಟ್ಟಿನ ಡಬ್ಬದ ಹತ್ತಿರ ಬರುವ ಹೊತ್ತಿಗೆ ಮನೆಯಲ್ಲಿ ಒಂದು ಅವಾಂತರವಾಯಿತು. ಅಜ್ಜಿ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದಳು. ಬೀಗದ ಕೈಯೂ ಅಭ್ಯಾಸದಂತೆ ಜೊತೆಗೆ ಹೋಯಿತು. ಆಸ್ಪತ್ರೆಯ ಸಾಲು ಯಾರ ಹಸಿವನ್ನೂ ಕೇಳಿ ನಡೆಯುವುದಿಲ್ಲ. ಮಧ್ಯಾಹ್ನ ಇಳಿದು ಅಜ್ಜಿ ಮನೆಗೆ ಬಂದಾಗ ಬಾಗಿಲಲ್ಲೇ ಮೂವರೂ ನಿಂತಿದ್ದರು. ಸೊಸೆಯ ಕೈಯಲ್ಲಿ ಖಾಲಿ ಪಾತ್ರೆ ಇತ್ತು.

“ಹಿಟ್ಟು ಕೊಡಿ ಅತ್ತೆ. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಇಲ್ಲ.”

“ಹಿಟ್ಟು ಇಲ್ದಿದ್ರೆ ಏನಾಯ್ತು? ಬಿಸ್ಕತ್ತು ತಿಂದ್ಕೊಂಡಿರಬಹುದಿತ್ತು.”

“ಬಿಸ್ಕತ್ತೂ ಅದೇ ಕಪಾಟಿನಲ್ಲಿದೆ.”

ಹುಡುಗಿ ಕೈಯಲ್ಲಿದ್ದ ಪುಸ್ತಕವನ್ನೊಮ್ಮೆ ನೋಡಿದಳು, ಅಜ್ಜಿಯನ್ನೊಮ್ಮೆ ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಹಸಿವಿಗಿರಬೇಕು ಎಂದು ಅಜ್ಜಿ ತಿಳಿದಳು.

ಆ ರಾತ್ರಿಯಿಂದ ಸೊಸೆ ಮಾತು ಬಿಟ್ಟಳು. ಪಾತ್ರೆಗಳು ಮಾತಾಡತೊಡಗಿದವು. ಅಜ್ಜಿಗೆ ಏನು ಮಾಡಬೇಕೋ ತೋಚಲಿಲ್ಲ. ಆಗ ಹುಡುಗಿಯೇ ಒಂದು ಉಪಾಯ ಹೇಳಿಕೊಟ್ಟಳು. “ಎಲ್ಲರನ್ನೂ ಒಂದು ಕಡೆ ಕೂರಿಸಿ ಅವರವರ ಕಷ್ಟ ಏನು ಅಂತ ಕೇಳ್ಬಿಡು ಅಜ್ಜಿ.”

“ಒಳ್ಳೇ ಮಾತು. ಎಲ್ಲಿಂದ ಹೊಳೀತೇ ನಿಂಗೆ?”

“ಹೀಗೇ, ಓದ್ತಾ ಓದ್ತಾ.”

ಅಜ್ಜಿ ಅಡುಗೆಮನೆಯ ಮೇಜಿನ ತಲೆಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಯಾರಿಗೂ ಕಷ್ಟವಿಲ್ಲ, ಒಂದಿಬ್ಬರು ತಲೆ ಕೆರೆದುಕೊಂಡು ಎದ್ದುಹೋಗುತ್ತಾರೆ ಎಂದೇ ಅವಳ ಅಂದಾಜು. ಮೊದಲು ಮಗನೇ ಶುರು ಮಾಡಿದ. ತಲೆ ನರೆತ ಗಂಡಸು ಎರಡನೇ ಬಿಸ್ಕತ್ತಿಗೆ ಅಮ್ಮನ ಮುಂದೆ ಕೈ ಚಾಚುವುದನ್ನು ಲಾರಿ ಕಚೇರಿಯವರು ಕಂಡರೆ ತನ್ನ ಮರ್ಯಾದೆ ಏನಾದೀತು ಎಂದ. ಸೊಸೆಯ ಕಷ್ಟಗಳು ಮದುವೆಯಾದ ವಾರದಿಂದ ಹೊರಟು, ಸಾಲಾಗಿ, ಒಂದರ ಹಿಂದೆ ಒಂದು ಬಂದವು. ಚಹಾ ಆರಿತು, ಅವು ಮುಗಿಯಲಿಲ್ಲ. ಸೂಜಿ ಕೇಳಲು ಬಂದ ಮಹಡಿ ಮೇಲಿನ ದರ್ಜಿಯಮ್ಮ ಕೂಡ “ಕೇಳ್ತಿದ್ದೀರಿ ಅಂತ ಹೇಳ್ತೀನಿ” ಎಂದು ತನ್ನದೊಂದನ್ನು ಸೇರಿಸಿದಳು.

“ಸಭೆ ಮುಗೀತು,” ಎಂದು ಅಜ್ಜಿ ಎಲ್ಲರನ್ನೂ ಎಬ್ಬಿಸಿ ಅಡುಗೆಮನೆಯ ಬಾಗಿಲಿಗೇ ಬೀಗ ಜಡಿದಳು. ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸಭೆ ಮುಂದುವರಿಸಿದರು. ನಗುವೂ ಕೇಳಿಸಿತು. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

‘ಒಂದು ದಿನ ನಾನಿಲ್ಲದಿದ್ರೆ ಗೊತ್ತಾಗುತ್ತೆ ಇವರಿಗೆ’ ಎಂದು ಅಜ್ಜಿ ಪಕ್ಕದ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟುಬಿಟ್ಟಳು. ದಾರಿಯಲ್ಲಿ ಗುರುತು ಸಿಗಬಾರದೆಂದು ಸೊಸೆಯ ಹಳೆಯ ಕೋಟು ತೊಟ್ಟುಕೊಂಡಳು. ಎಲ್ಲ ಸರಿಯಾಗಿತ್ತು, ಕೈಯಲ್ಲಿದ್ದ ತನ್ನದೇ ಛತ್ರಿಯೊಂದನ್ನು ಬಿಟ್ಟು. ಬಸ್ಸು ನಿಲ್ಲುವ ಕಡೆ ಚಪ್ಪಲಿ ಹೊಲಿಯುವವನು ಅದರ ತೇಪೆಯನ್ನೇ ದಿಟ್ಟಿಸಿ ನೋಡಿದ. ಆಮೇಲೆ ಕೋಟಿನೊಳಗಿನ ಮುಖ ನೋಡಿದ.

“ಅಮ್ಮಾ, ಈ ತೇಪೆ ಹಾಕಿದ್ದು ನಾನೇ. ಒಬ್ಬರೇ ಎಲ್ಲಿಗೆ ಹೊರಟ್ರಿ?”

“ನಾನು ಅವಳಲ್ಲ,” ಎಂದಳು ಅಜ್ಜಿ.

“ನೀವು ಅವರಲ್ಲದಿದ್ರೂ ಛತ್ರಿ ಅವರದ್ದೇ. ಕದ್ದಿದ್ದಾ?”

ಅವನು ಲಾರಿ ಕಚೇರಿಗೆ ಫೋನ್ ಮಾಡಿದ. ಬಸ್ಸು ಬರುವ ಮೊದಲೇ ಮಗ ಬಂದ. ಅಜ್ಜಿ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಊರೊಳಗೆ ಮೆರವಣಿಗೆ ಬಂದಳು. ಬೀದಿಯವರು ಕಿಟಕಿಗಳಲ್ಲಿ ನಿಂತು ಒಂದು ಮಾತೂ ಆಡದೆ ನೋಡಿದರು. ಬೈದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

ಹುಡುಗಿ ಓಡಿಬಂದು ಅಪ್ಪಿಕೊಂಡಳು. ಅಪ್ಪಿಕೊಂಡೇ ಕೇಳಿದಳು, “ಕೋಟು ಹಾಕ್ಕೊಂಡೇ ಹೋಗಿದ್ಯಾ ಅಜ್ಜಿ? ಬೇರೆ ವೇಷದಲ್ಲಿ?”

“ಯಾಕೆ?”

“ಸುಮ್ನೆ.”

ಆ ಮೇಲೆ ಅಜ್ಜಿಗೆ ಪಾಠ ಮಾಡುವ ಉತ್ಸಾಹ ಉಳಿಯಲಿಲ್ಲ. “ಹಿಟ್ಟಿನ ಡಬ್ಬದ್ದು ಬಾಕಿ ಇದೆಯಲ್ಲೇ,” ಎಂದರೆ, “ಫ್ರಾನ್ಸು ಬಿಡು ಅಜ್ಜಿ, ನಾನೇ ಓದ್ಕೋತೀನಿ. ಅದು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ,” ಎಂದಳು ಹುಡುಗಿ.

ಪರೀಕ್ಷೆ ಆಯಿತು. ಫಲಿತಾಂಶ ಬರುವವರೆಗೆ ಸೊಸೆ ಗಾಜಿನ ಭರಣಿಗಳ ಅಂಗಡಿಯ ಮುಂದೆ ನಿಂತು ಬರುತ್ತಿದ್ದಳು, ಅಜ್ಜಿ ಬೀಗಕ್ಕೆ ಎರಡು ಪಾಲು ಎಣ್ಣೆ ಹಾಕುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಹುಡುಗಿ ಒಳಗೆ ನುಗ್ಗಿ ಅಜ್ಜಿಯನ್ನು ಎತ್ತಿ ತಿರುಗಿಸಿಬಿಟ್ಟಳು. “ಐದು ಅಜ್ಜಿ. ಐದಕ್ಕೆ ಐದು.”

ಮಗ ಕನ್ನಡಕ ತೆಗೆದು ಒರೆಸಿಕೊಂಡ. ಅಜ್ಜಿ ಕಪಾಟಿನ ಬೀಗ ತೆಗೆದು, ಯಾರೂ ಕೇಳದೆಯೇ ತಲೆಗೆರಡರಂತೆ ಬಿಸ್ಕತ್ತು ಹಂಚಿದಳು. ದರ್ಜಿಯಮ್ಮನನ್ನೂ ಮಹಡಿಯಿಂದ ಕರೆಸಿದಳು, ಗೆದ್ದದ್ದನ್ನು ನೋಡಲು ಒಬ್ಬರಾದರೂ ಹೊರಗಿನವರು ಬೇಡವೇ. ಸೊಸೆ ಮಗಳ ಕೆನ್ನೆಗೆ ಮುತ್ತಿಟ್ಟಳು, ಅಡುಗೆ ಕಟ್ಟೆಗೆ ಹೋಗಿ ಎಲೆಕೋಸು ಹೆಚ್ಚಲು ನಿಂತಳು.

“ಪುಟ್ಟಿ, ಇವರಿಗೂ ಹೇಳು,” ಎಂದಳು ಅಜ್ಜಿ. “ಪರೀಕ್ಷೇಲಿ ಬಂದ ದೊಡ್ಡ ಪ್ರಶ್ನೆಗೆ ಹೇಗೆ ಬರೆದೆ?”

“ನಿನ್ನನ್ನ ನೆನೆಸ್ಕೊಂಡೇ ಬರೆದೆ ಅಜ್ಜಿ. ನೀನಿಲ್ದಿದ್ರೆ ಒಂದು ಸಾಲೂ ಬರ್ತಿರ್ಲಿಲ್ಲ.”

ಅಜ್ಜಿ ದರ್ಜಿಯಮ್ಮನ ಕಡೆ ತಿರುಗಿ ಕೂತಳು. “ಇಂಗ್ಲೆಂಡಿನ ರಾಣೀದು ಕೇಳಿದ್ರಾ?”

“ಅಲ್ಲ. ಫ್ರಾನ್ಸಿನ ಹದಿನಾರನೇ ಲೂಯಿದು. ಅಷ್ಟು ಹಳೇ ಸಿಂಹಾಸನ ಯಾಕೆ ಬಿತ್ತು ಅಂತ.”

“ಅವನು ಯಾರು?”

“ರಾಜ ಅಜ್ಜಿ. ಕೆಟ್ಟವನೇನಲ್ಲ. ಅವನಿಗೆ ಬೀಗ ಅಂದ್ರೆ ಪ್ರಾಣ. ಅರಮನೇಲಿ ಕೂತ್ಕೊಂಡು ಬೀಗ ಬಿಚ್ಚೋದು, ಕೂಡಿಸೋದು.”

“ಒಳ್ಳೇ ಹುಡುಗ,” ಎಂದಳು ಅಜ್ಜಿ.

“ಅವನ ಕಾಲದಲ್ಲಿ ಹಿಟ್ಟಿಗೆ ಗಲಾಟೆ ಆಯ್ತು. ಜನ ಅರಮನೆ ಬಾಗಿಲಿಗೇ ಬಂದು ನಿಂತ್ರು. ರೊಟ್ಟಿ ಇಲ್ದಿದ್ರೆ ಕೇಕ್ ತಿನ್ನಲಿ ಅಂದ್ಳಂತೆ ಅವನ ರಾಣಿ.”

ಅಜ್ಜಿ ಬಿಸ್ಕತ್ತನ್ನು ಬಾಯಿಯ ಹತ್ತಿರ ಒಯ್ದವಳು ಅಲ್ಲೇ ನಿಲ್ಲಿಸಿದಳು.

“ಆಮೇಲೆ ಎಲ್ಲರನ್ನೂ ಕರೆಸಿ ಕಷ್ಟ ಏನು ಅಂತ ಕೇಳಿದ. ಅವರು ಹೇಳೋಕೆ ಶುರು ಮಾಡಿದ್ರು, ನಿಲ್ಲಿಸಲೇ ಇಲ್ಲ. ಸಭೆ ಮನೆಗೆ ಬೀಗ ಬಿತ್ತು. ಅವರು ಹೊರಗೆ ಹೋಗಿ ಸಭೆ ಮಾಡಿದ್ರು. ಕೊನೆಗೆ ಅವನು ವೇಷ ಮರೆಸ್ಕೊಂಡು ಓಡಿಹೋಗ್ತಿದ್ದಾಗ ದಾರೀಲಿ ಒಬ್ಬ ಗುರುತು ಹಿಡಿದುಬಿಟ್ಟ. ಊರಿನವರು ಸುಮ್ನೆ ನಿಂತು ನೋಡ್ತಿದ್ರು, ಅವನನ್ನ ಗಾಡೀಲಿ ವಾಪಸ್ ಕರ್ಕೊಂಡು ಬಂದ್ರು.” ಹುಡುಗಿಗೆ ತಾನು ಯಾವ ಮನೆಯಲ್ಲಿ ಕೂತು ಏನು ಹೇಳುತ್ತಿದ್ದೇನೆ ಎಂಬುದು ಮಧ್ಯದಲ್ಲೆಲ್ಲೋ ಅರಿವಾಯಿತು. ಮಾತು ಸಣ್ಣಗಾಯಿತು. “ಬೇರೆಯವರೆಲ್ಲ ಇದನ್ನ ಬಾಯಿಪಾಠ ಮಾಡಿದ್ರು ಅಜ್ಜಿ. ನಾನು ನೋಡೇ ಇದ್ನಲ್ಲ.”

ದರ್ಜಿಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಕೆಮ್ಮಿದಳು. ಮಗ ಗೋಡೆಯ ಮೇಲೆ ಏನನ್ನೋ ಹುಡುಕಿದ.

“ಆಮೇಲೆ?” ಎಂದಳು ಅಜ್ಜಿ. “ಆಮೇಲೆ ಅವನಿಗೆ ಏನಾಯ್ತು?”

ಹುಡುಗಿ ಅಮ್ಮನ ಕಡೆ ನೋಡಿದಳು. ಕಟ್ಟೆಯ ಮೇಲೆ ಸೊಸೆಯ ಕೈಯ ದೊಡ್ಡ ಕತ್ತಿ ಇಳಿಯಿತು. ಕಚಕ್. ಎಲೆಕೋಸಿನ ಅರ್ಧ ಉರುಳಿಕೊಂಡು ಬಂದು ಅಜ್ಜಿಯ ಪಾದದ ಬಳಿ ನಿಂತಿತು.

“ಅದೆಲ್ಲ ಹಳೇ ಕಾಲ ಬಿಡಿ ಅತ್ತೆ,” ಎಂದಳು ಸೊಸೆ ಸಮಾಧಾನವಾಗಿ, ಇನ್ನೊಂದು ಎಲೆಕೋಸಿಗೆ ಕೈ ಹಾಕುತ್ತ.

ಅಜ್ಜಿ ಆ ಎಲೆಕೋಸನ್ನು ನೋಡಿದಳು. ಆಮೇಲೆ ಸೊಂಟದ ಗಂಟಿಗೆ ಕೈ ಹಾಕಿದಳು. ಹಳೆಯ ಗಂಟು, ಬಿಚ್ಚಲು ಬರಲಿಲ್ಲ. ಸೊಸೆಯೇ ಬಂದು ಬಗ್ಗಿ ಹಲ್ಲಿನಲ್ಲಿ ಬಿಚ್ಚಿದಳು.

“ಪಂದ್ಯ ಗೆದ್ದಿದ್ದು ನೀವು ಅತ್ತೆ. ಯಾಕೆ ಕೊಡ್ತೀರಿ?”

“ಗೆದ್ದಿದ್ದಕ್ಕೇ ಕೊಡ್ತಿದ್ದೀನಿ. ಸೋತಿದ್ರೆ ನಿನ್ನಾಣೆಗೂ ಕೊಡ್ತಿರ್ಲಿಲ್ಲ. ತಗೊ. ಬೀಗದ ಕೈ ನಿನ್ನ ಹತ್ರ ಇರ್ಲಿ, ತಲೆ ನನ್ನ ಹತ್ರ ಇರ್ಲಿ.”

ಸೊಸೆ ಬೀಗವನ್ನೇ ತೆಗೆದಿಟ್ಟಳು. ಗಾಜಿನ ಭರಣಿಗಳು ಬಂದವು, ಚೀಟಿಗಳು ಬಂದವು, ಮನೆಯಲ್ಲಿ ಸ್ವಾತಂತ್ರ್ಯ ಬಂತು. ಎಲ್ಲರೂ ಸಮಾನರು, ಯಾರು ಬೇಕಾದರೂ ಏನು ಬೇಕಾದರೂ ತೆಗೆದುಕೊಳ್ಳಬಹುದು. ಮಗ ಬಿಸ್ಕತ್ತಿನ ಭರಣಿಯನ್ನು ಬರಿದು ಮಾಡಿದ. ಯಾರೋ ಸಕ್ಕರೆಯನ್ನು ನೀರಿನ ತಟ್ಟೆಯಿಂದ ಎತ್ತಿ ಹಾಗೇ ಬಿಟ್ಟರು, ಇರುವೆಗಳು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದವು. ಹಿಟ್ಟಿನ ಭರಣಿ ಒಡೆದು ಫ್ರಾನ್ಸು ನೆಲದ ತುಂಬ ಹರಡಿತು. ಯಾರು ಒಡೆದದ್ದು ಎಂದರೆ ಎಲ್ಲರೂ ಇನ್ನೊಬ್ಬರನ್ನು ತೋರಿಸಿದರು. ಅಜ್ಜಿ ತನ್ನ ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಬಟಾಣಿ ಎಂದಿಗಿಂತ ಚುರುಕಾಗಿ ಪಾತ್ರೆಗೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿ ಚಹಾಕ್ಕೆ ಸಕ್ಕರೆ ತೆಗೆದುಕೊಳ್ಳಲು ಹೋದಳು. ಕಪಾಟು ತೆರೆಯಲಿಲ್ಲ. ಅವಳದೇ ಹಳೆಯ ಬೀಗ, ಅವಳೇ ಎಣ್ಣೆ ಹಾಕಿದ್ದು, ಬಿಗಿಯಾಗಿ ಕೂತಿತ್ತು. ತಿರುಗಿ ನೋಡಿದರೆ ಸೊಸೆ. ಬೀಗದ ಕೈ ಅವಳ ಸೊಂಟದಲ್ಲಿ ತೂಗುತ್ತಿತ್ತು.

“ಎಷ್ಟು ಚಮಚ ಬೇಕು ಹೇಳಿ ಅತ್ತೆ, ನಾನೇ ತೆಗೆದುಕೊಡ್ತೀನಿ.”

“ಎರಡು.”

“ನಿಮ್ಮ ವಯಸ್ಸಿಗೆ ಒಂದೇ ಸಾಕು. ಊಟ ಆದ ಮೇಲೆ ಅರ್ಧ.” ಔಷಧಿ ಅಂಗಡಿಯವಳಲ್ಲವೇ, ಮಟ್ಟಸವಾಗಿ ಅಳೆದು, ಚಮಚದ ಮೇಲಿನ ಗುಪ್ಪೆಯನ್ನು ಬೆರಳಿನಿಂದ ಸವರಿ ಹಾಕಿದಳು. ಅಜ್ಜಿಯ ಆಳ್ವಿಕೆಯಲ್ಲಿ ಗುಪ್ಪೆಯಾದರೂ ಸಿಗುತ್ತಿತ್ತು.

ಅಜ್ಜಿ ಲೋಟ ಹಿಡಿದು ಮೇಜಿನ ಹತ್ತಿರ ಬಂದಳು. ಮೊಮ್ಮಗಳು ಮುಂದಿನ ತರಗತಿಯ ದಪ್ಪ ಪುಸ್ತಕದಿಂದ ತಲೆಯೆತ್ತಿ ಅಮ್ಮನ ಸೊಂಟವನ್ನು ನೋಡಿದಳು.

“ನೆಪೋಲಿಯನ್ ಬಂದಾಯ್ತು ಅಜ್ಜಿ,” ಎಂದಳು ಮೆಲ್ಲಗೆ.

ಅಜ್ಜಿ ಚಹಾ ಗುಟುಕರಿಸಿ ಮುಖ ಕಿವಿಚಿದಳು. “ಅವನು ಎಷ್ಟು ವರ್ಷ ಇದ್ದ?”

“ಹತ್ತರ ಮೇಲೇನೇ. ಆಮೇಲೆ ದ್ವೀಪಕ್ಕೆ ಕಳಿಸಿದ್ರು.”

“ಅವನು ಹೋದ ಮೇಲೆ ಯಾರು ಬಂದ್ರು?”

“ಹಳೇ ರಾಜನ ತಮ್ಮ.”

ಅಜ್ಜಿ ಲೋಟ ಕೆಳಗಿಟ್ಟು ಮಗನನ್ನು ಕರೆದಳು. “ಅಪ್ಪಾ, ನಿನ್ನ ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿಕೊಡು. ಪಾಪ, ಒಬ್ಬಳೇ ಇದ್ದಾಳೆ. ಸ್ವಲ್ಪ ದಿನ ಇಲ್ಲಿ ಬಂದು ಇದ್ದು ಹೋಗ್ಲಿ.”

“ಬರಲಿ ಅತ್ತೆ,” ಎಂದಳು ಸೊಸೆ, ಒಳಗಿನಿಂದಲೇ. “ಇವತ್ತೂ ಎಲೆಕೋಸೇ ಮಾಡೋಣ ಅಂತಿದ್ದೆ.”

ಅಜ್ಜಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು. “ಫೋನು ಸಾಯಂಕಾಲ ಮಾಡಿದ್ರೂ ಆಗುತ್ತೆ,” ಎಂದು ಮಗನಿಗೆ ಹೇಳಿ, ಸಪ್ಪೆ ಚಹಾವನ್ನು ಕೊನೆಯ ಹನಿಯವರೆಗೂ ಕುಡಿದಳು.